ನಗೆ ಪರಿಕರಗಳು ಜಾದೂವಿನ ಬೆರಗನ್ನು ಕುಗ್ಗಿಸುತ್ತವೆಯೇ?

ಬರಿಗೈ (ಪ್ರಶ್ನೆ)

ಮಾನ್ಯರೇ,

ಮಕ್ಕಳೂ ದೊಡ್ಡವರೂ ಒಟ್ಟಿಗೆ ಕುಳಿತು ನೋಡುವಂಥ, ಸುಮಾರು ಮುಕ್ಕಾಲು ಗಂಟೆಯ ವೇದಿಕೆ ಪ್ರದರ್ಶನವೊಂದನ್ನು ಹೊಸದಾಗಿ ಜೋಡಿಸುತ್ತಿದ್ದೇನೆ. ಇಲ್ಲಿಯವರೆಗೆ ಹಗ್ಗ, ರೇಷ್ಮೆ ಕರವಸ್ತ್ರ, ಇಸ್ಪೀಟು ಎಲೆ ಮತ್ತು ಒಂದರೊಳಗೊಂದು ಸೇರಿಸಿ ಬೇರ್ಪಡಿಸುವ ದೊಡ್ಡ ಲೋಹದ ಉಂಗುರಗಳಷ್ಟೇ ನನ್ನ ಸಾಮಗ್ರಿಯಾಗಿದ್ದವು. ಈ ಬಾರಿ ನಗೆ ಪರಿಕರಗಳನ್ನೂ ಸೇರಿಸಬೇಕೆಂದಿದ್ದೇನೆ. ಇನ್ನೊಬ್ಬರ ಕೈಗೆ ಕೊಟ್ಟೊಡನೆ ತುಂಡುತುಂಡಾಗಿ ಜೋತುಬೀಳುವ ಮಂತ್ರದಂಡ, ಒಂದು ದಿಕ್ಕಿನಲ್ಲಿ ಬಿಡಿಸಿದರೆ ಸರಿಯಾಗಿಯೂ ಎದುರು ದಿಕ್ಕಿನಲ್ಲಿ ಬಿಡಿಸಿದರೆ ಮುರಿದಂತೆಯೂ ಕಾಣುವ ಬೀಸಣಿಗೆ, ಡಬ್ಬಿಯ ಮುಚ್ಚಳ ತೆಗೆದರೆ ಚಿಮ್ಮುವ ಸ್ಪ್ರಿಂಗ್ ಹಾವು, ಜಾದೂಗಾರ ತಿರುಗಿ ನೋಡುವಷ್ಟರಲ್ಲಿ ತಲೆ ಬಗ್ಗಿಸುವ ಹೂವು ಹಾಗೂ ಬಾಗಿಲಿನಷ್ಟು ಎತ್ತರದ ಒಂದು ಇಸ್ಪೀಟು ಎಲೆ ಈಗ ನನ್ನ ಬಳಿ ಇವೆ.

ಅಭ್ಯಾಸದ ವೇಳೆ ಪರಿಚಿತರ ಮುಂದೆ ಇವುಗಳನ್ನು ಬಳಸಿ ನೋಡಿದಾಗ ನಗು ಧಾರಾಳವಾಗಿ ಬರುತ್ತದೆ. ಆದರೆ ಆ ನಗುವಿನ ಬೆನ್ನಿಗೇ ಉಂಗುರಗಳನ್ನು ಕೈಗೆತ್ತಿಕೊಂಡರೆ, ನೋಡುವವರ ಮುಖದಲ್ಲಿ ಮೊದಲಿದ್ದ ಗಾಂಭೀರ್ಯ ಇರುವುದಿಲ್ಲ. ಅದರಲ್ಲೂ ಏನೋ ತಮಾಷೆ ಇರಬಹುದೆಂದು ಕಾಯುತ್ತಾರೆ. ನಗೆ ಪರಿಕರಗಳನ್ನು ಎಲ್ಲಿ ಇಟ್ಟರೆ ಬೆರಗು ಉಳಿಯುತ್ತದೆ, ಎಷ್ಟಿದ್ದರೆ ಹೆಚ್ಚಾಯಿತು ಎನ್ನಬೇಕು, ವೇದಿಕೆಗೆ ಕರೆದವರಿಗೆ ಮುಜುಗರವಾಗದಂತೆ ಇವುಗಳನ್ನು ಬಳಸುವುದು ಹೇಗೆ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ಖಾಲಿಪೆಟ್ಟಿಗೆ

ನಮಸ್ಕಾರ. ಎಷ್ಟು ಪರಿಕರಗಳಿವೆ ಎಂಬುದಕ್ಕಿಂತ, ಪ್ರತಿಯೊಂದೂ ಪ್ರದರ್ಶನದಲ್ಲಿ ಯಾವ ಕೆಲಸ ಮಾಡುತ್ತಿದೆ ಎಂಬುದನ್ನು ಮೊದಲು ಕೇಳಿಕೊಳ್ಳಬೇಕೆಂದು ನನ್ನ ಅಭಿಪ್ರಾಯ. ಕೆಲಸವಿಲ್ಲದ ನಗೆ ಪರಿಕರ ಒಂದೇ ಇದ್ದರೂ ಹೆಚ್ಚು.

ಇಂಥ ಪರಿಕರ ಮಾಡಬಹುದಾದ ಅತ್ಯಂತ ಉಪಯುಕ್ತ ಕೆಲಸವೆಂದರೆ ಗಮನವನ್ನು ಸಡಿಲಿಸುವುದು. ಜಾದೂಗಾರರು ಇದನ್ನು ಆಫ್‌ಬೀಟ್ ಎನ್ನುತ್ತಾರೆ. ನಗುವಾಗ ಜನ ಕುರ್ಚಿಯಲ್ಲಿ ಹಿಂದಕ್ಕೆ ವಾಲುತ್ತಾರೆ, ಪಕ್ಕದವರ ಮುಖ ನೋಡುತ್ತಾರೆ, ಒಂದು ಘಟ್ಟ ಮುಗಿಯಿತೆಂದು ಮನಸ್ಸಿನಲ್ಲೇ ವಿರಾಮ ಹಾಕಿಕೊಳ್ಳುತ್ತಾರೆ. ಮುಂದಿನ ಐಟಂಗೆ ಬೇಕಾದ ವಸ್ತುವನ್ನು ಕೈಯೊಳಗೆ ಸೇರಿಸಿಕೊಳ್ಳಲು, ಅಂದರೆ ಲೋಡ್ ಮಾಡಲು, ಇದಕ್ಕಿಂತ ಒಳ್ಳೆಯ ಸಮಯ ಸಿಗುವುದಿಲ್ಲ. ಆದರೆ ಇದರಲ್ಲಿ ಒಂದು ಸೂಕ್ಷ್ಮವಿದೆ. ನಗು ಹುಟ್ಟುವ ಮೊದಲ ಕ್ಷಣದಲ್ಲಿ ಎಲ್ಲರ ಕಣ್ಣೂ ಆ ಪರಿಕರದ ಮೇಲೆಯೇ ಇರುತ್ತದೆ. ಆಗ ಅದನ್ನು ಹಿಡಿದ ಕೈ ಬೇರೇನೂ ಮಾಡಬಾರದು. ನಗು ತುದಿ ಮುಟ್ಟಿ ಇಳಿಯತೊಡಗಿದಾಗ ಕಣ್ಣುಗಳು ಚದುರುತ್ತವೆ. ಕೈ ಕೆಲಸ ಮಾಡಬೇಕಾದದ್ದು ಆಗ, ಅದೂ ಪರಿಕರ ಹಿಡಿಯದ ಇನ್ನೊಂದು ಕೈ. ಮಂತ್ರದಂಡ ಸಹಾಯಕರ ಕೈಯಲ್ಲಿ ಜೋತುಬಿದ್ದಾಗ ಜಾದೂಗಾರನ ಎರಡೂ ಕೈಗಳು ಬಿಡುವಾಗಿರುತ್ತವೆ ಎಂಬುದನ್ನು ನೆನಪಿಡಿ. ಆ ಸಲಕರಣೆಯ ನಿಜವಾದ ಬೆಲೆ ಇರುವುದು ಅಲ್ಲಿ.

ಸ್ಥಾನದ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟಿನವನು. ದೊಡ್ಡ ಬೆರಗಿನ ಬೆನ್ನಿಗೇ ನಗೆ ಪರಿಕರ ಬರಕೂಡದು. ಉಂಗುರಗಳು ಒಂದರೊಳಗೊಂದು ಸೇರಿ ಬೇರ್ಪಟ್ಟ ಮೇಲೆ ಸಭೆಯಲ್ಲಿ ಕ್ಷಣಕಾಲ ಒಂದು ಮೌನ ನಿಲ್ಲುತ್ತದೆ. ಅದರ ಮೇಲೆ ಹಾವಿನ ಡಬ್ಬಿ ತೆರೆದರೆ, ಮೆಚ್ಚಿದ ಜನರೇ ತಾವು ಮೆಚ್ಚಿದ್ದೇಕೆಂಬುದನ್ನು ಮರೆತುಬಿಡುತ್ತಾರೆ. ಅದೇ ಡಬ್ಬಿ ಪ್ರದರ್ಶನದ ಮೊದಲ ಐದು ನಿಮಿಷಗಳಲ್ಲಿ, ಸಭೆ ಇನ್ನೂ ಬಿಗಿಯಾಗಿ ಕುಳಿತಿರುವಾಗ ಬಂದರೆ ನಿಮ್ಮ ಪರವಾಗಿ ಕೆಲಸ ಮಾಡುತ್ತದೆ.

ಇನ್ನು, ನಗುವೂ ಬೆರಗೂ ಒಂದೇ ವಸ್ತುವಿನಿಂದ ಬರುವ ಉದಾಹರಣೆಯೊಂದು ನಮ್ಮ ಕಣ್ಣಮುಂದೆಯೇ ಇದೆ. ಪಿ. ಸಿ. ಸರ್ಕಾರ್ (1913–1971) ಅವರ ಪ್ರದರ್ಶನಗಳಲ್ಲಿ ‘ವಾಟರ್ ಆಫ್ ಇಂಡಿಯಾ’ ಎಂಬ ಐಟಂ ಪ್ರಸಿದ್ಧವಾಗಿತ್ತು. ತಂಬಿಗೆಯ ನೀರನ್ನು ಪೂರ್ತಿ ಸುರಿದು ಬರಿದಾಯಿತೆಂದು ತೋರಿಸಿ ಪಕ್ಕಕ್ಕಿಡುವುದು, ಬೇರೆ ಐಟಂ ಮುಗಿಸಿ ಬಂದು ಎತ್ತಿದರೆ ಮತ್ತೆ ನೀರು ಬರುವುದು, ಅದನ್ನೂ ಸುರಿಯುವುದು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ನೀರು ಬರುವುದು. ಮೊದಲ ಸಲ ಜನ ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಾಲ್ಕನೆಯ ಸಲಕ್ಕೆ ಜಾದೂಗಾರ ತಂಬಿಗೆಯ ಕಡೆ ನೋಡಿದರೆ ಸಾಕು, ನಗು ತಾನಾಗಿ ಏಳುತ್ತದೆ; ಆ ನಗುವಿನೊಳಗೇ ‘ಇದು ಹೇಗೆ’ ಎಂಬ ಪ್ರಶ್ನೆಯೂ ಇರುತ್ತದೆ. ಪಾತ್ರೆಯ ರಹಸ್ಯವನ್ನು ಇಲ್ಲಿ ಬಿಡಿಸಿ ಬರೆಯುವುದಿಲ್ಲ. ಹೊಸ ಪರಿಕರ ಕೊಳ್ಳುವ ಮುನ್ನ, ಜನ ನಕ್ಕ ಮೇಲೂ ಅದರಲ್ಲಿ ಕೇಳುವುದಕ್ಕೆ ಒಂದು ಪ್ರಶ್ನೆ ಉಳಿಯುತ್ತದೆಯೇ ಎಂಬುದನ್ನು ಪರೀಕ್ಷಿಸಿಕೊಳ್ಳುವುದು ಒಳ್ಳೆಯದು.

ಇಸ್ಪೀಟುರಾಣಿ

ಖಾಲಿಪೆಟ್ಟಿಗೆಯವರ ಮಾತುಗಳಲ್ಲಿ ಬಹುಪಾಲನ್ನು ಒಪ್ಪುತ್ತೇನೆ. ಆದರೂ ನನ್ನದೊಂದು ತಕರಾರಿದೆ, ಮತ್ತು ಅದು ಚಿಕ್ಕದಲ್ಲ.

ನಗೆ ಪರಿಕರ ತನ್ನ ಒಳಗುಟ್ಟನ್ನು ತಾನೇ ಬಯಲು ಮಾಡುತ್ತದೆ. ಮಂತ್ರದಂಡ ತುಂಡಾಗಿ ನೇತಾಡಿದಾಗ, ಅದರೊಳಗೆ ದಾರ ಪೋಣಿಸಲಾಗಿದೆ, ದಾರವನ್ನು ಬಿಗಿ ಹಿಡಿದಾಗ ನೆಟ್ಟಗಿರುತ್ತದೆ, ಬಿಟ್ಟರೆ ಕಳಚಿಕೊಳ್ಳುತ್ತದೆ ಎಂಬುದು ಹತ್ತು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಅರ್ಥವಾಗಬೇಕು ಕೂಡ, ಇಲ್ಲದಿದ್ದರೆ ನಗುವೇ ಬರುವುದಿಲ್ಲ. ಆದರೆ ಅದರ ಜೊತೆಗೆ ಇನ್ನೊಂದು ತಿಳಿವಳಿಕೆಯೂ ಪ್ರೇಕ್ಷಕರ ತಲೆಗೆ ಹೊಕ್ಕಿರುತ್ತದೆ: ಈ ಮನುಷ್ಯನ ಮೇಜಿನ ಮೇಲಿರುವ ವಸ್ತುಗಳು ಸಾಮಾನ್ಯ ವಸ್ತುಗಳಲ್ಲ, ಅವುಗಳೊಳಗೆ ಏನೋ ಅಡಗಿದೆ. ಇಷ್ಟು ಗೊತ್ತಾದ ಮೇಲೆ ನೀವು ಬಣ್ಣದ ಪೆಟ್ಟಿಗೆಯನ್ನು ತೋರಿಸಿ ಇದು ಖಾಲಿ ಎಂದರೆ ನಂಬುವವರು ಯಾರು? ಉಂಗುರಗಳ ಮುಂದೆ ಪ್ರೇಕ್ಷಕರ ಗಾಂಭೀರ್ಯ ಕಡಿಮೆಯಾಯಿತೆಂದು ಬರಿಗೈ ಅವರು ಬರೆದಿದ್ದಾರಲ್ಲ, ಅದಕ್ಕೆ ಕಾರಣ ತಮಾಷೆಯ ನಿರೀಕ್ಷೆ ಮಾತ್ರವಲ್ಲ, ಈ ಅನುಮಾನವೂ ಹೌದೆಂದು ನಾನು ತಿಳಿಯುತ್ತೇನೆ.

ಆದ್ದರಿಂದ ನನ್ನ ಸಲಹೆ ಹೀಗಿದೆ. ನಗೆ ಪರಿಕರಗಳನ್ನು ಬಳಸುವವರು ತಮ್ಮ ಗಂಭೀರ ಐಟಂಗಳನ್ನು ಪ್ರೇಕ್ಷಕರಿಂದಲೇ ಪಡೆದ ವಸ್ತುಗಳಿಂದ ಮಾಡಲಿ. ಅವರ ನಾಣ್ಯ, ಅವರ ಉಂಗುರ, ಅವರೇ ಕಲಸಿಕೊಟ್ಟ ಇಸ್ಪೀಟು ಎಲೆಗಳು. ಆಗ ಎರಡರ ನಡುವಿನ ಅಂತರ ನಿಮಗೆ ಲಾಭವಾಗುತ್ತದೆ: ಜಾದೂಗಾರನ ಸ್ವಂತ ಸಾಮಾನೆಲ್ಲ ಕೈಕೊಡುತ್ತದೆ, ಬೇರೆಯವರ ಸಾಮಾನಿನಲ್ಲಿ ಮಾತ್ರ ಪವಾಡ ನಡೆಯುತ್ತದೆ. ಉಂಗುರಗಳನ್ನೇ ಮಾಡಲೇಬೇಕೆಂದಿದ್ದರೆ, ಅವು ನಗೆ ಪರಿಕರಗಳು ಹೊರಬರುವ ಮುನ್ನವೇ ಆಗಿಹೋಗಲಿ.

ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಉದಾಹರಣೆಯನ್ನೂ ನಾನೇ ಹೇಳಿಬಿಡುತ್ತೇನೆ. ಪೆನ್ ಮತ್ತು ಟೆಲ್ಲರ್ ಎಂಬ ಅಮೆರಿಕದ ಜಾದೂಗಾರ ಜೋಡಿ ಬಟ್ಟಲು ಮತ್ತು ಚೆಂಡುಗಳ ಆಟವನ್ನು ಪಾರದರ್ಶಕ ಬಟ್ಟಲುಗಳಲ್ಲಿ ಮಾಡಿ ತೋರಿಸುತ್ತಾರೆ. ಕೈಚಳಕವೆಲ್ಲ ಕಣ್ಣಿಗೆ ಕಾಣುವಂತಿದ್ದರೂ ನೋಡುವವರಿಗೆ ಅದನ್ನು ಹಿಂಬಾಲಿಸಲು ಆಗುವುದಿಲ್ಲ. ಗುಟ್ಟು ತೋರಿಸಿಯೂ ಬೆರಗು ಉಳಿಸಿಕೊಳ್ಳಬಹುದೆಂಬುದು ಇದರಿಂದ ಸಿದ್ಧವಾಗುತ್ತದೆ, ನಿಜ. ಆದರೆ ಅಲ್ಲಿ ಗೆಲ್ಲುವುದು ಕೈಯ ವೇಗ ಮತ್ತು ದೀರ್ಘಕಾಲದ ಅಭ್ಯಾಸವೇ ಹೊರತು ಅಂಗಡಿಯಿಂದ ತಂದ ವಸ್ತುವಲ್ಲ.

ಮೊಲದಕಿವಿ

ನಾನು ಹೆಚ್ಚಾಗಿ ಮಕ್ಕಳಿಗಾಗಿಯೇ ಪ್ರದರ್ಶನ ನೀಡುವವಳು, ಆದ್ದರಿಂದ ವೇದಿಕೆಗೆ ಕರೆದವರ ಮುಜುಗರದ ವಿಷಯವನ್ನಷ್ಟೇ ಎತ್ತಿಕೊಳ್ಳುತ್ತೇನೆ.

ಈ ಪರಿಕರಗಳಲ್ಲಿ ಹಲವು ಹುಟ್ಟಿದ್ದು ವೇದಿಕೆಗಾಗಿ ಅಲ್ಲ. ಡಬ್ಬಿಯಿಂದ ಚಿಮ್ಮುವ ಹಾವು, ಕೈಕುಲುಕಿದಾಗ ಅಂಗೈಯಲ್ಲಿ ಗುರ್ ಎಂದು ಅದುರುವ ಜಾಯ್ ಬಜರ್ ಮೊದಲಾದವುಗಳನ್ನು ಅಮೆರಿಕದಲ್ಲಿ ಜನಪ್ರಿಯಗೊಳಿಸಿದವರು ಎಸ್. ಎಸ್. ಆಡಮ್ಸ್, ಜಾಯ್ ಬಜರ್‌ಗೆ ಅವರು 1932ರಲ್ಲಿ ಪೇಟೆಂಟ್ ಪಡೆದರು. ಅವು ಗೆಳೆಯರು ಗೆಳೆಯರನ್ನೇ ಬೇಸ್ತು ಬೀಳಿಸಲು ಮಾಡಿದ ವಸ್ತುಗಳು. ಬೇಸ್ತು ಬೀಳುವವನೊಬ್ಬ ಇದ್ದೇ ಇರಬೇಕೆಂಬುದು ಅವುಗಳ ರಚನೆಯಲ್ಲೇ ಸೇರಿಕೊಂಡಿದೆ. ಗೆಳೆಯರ ನಡುವೆ ಅವನು ನಾಳೆ ಸೇಡು ತೀರಿಸಿಕೊಳ್ಳಬಹುದು. ವೇದಿಕೆಯ ಮೇಲೆ ಆ ಜಾಗದಲ್ಲಿ ಒಬ್ಬ ಅಪರಿಚಿತ ನಿಂತಿರುತ್ತಾನೆ, ನೂರಾರು ಜನ ಅವನನ್ನು ನೋಡುತ್ತಿರುತ್ತಾರೆ, ಅವನ ಕೈಯಲ್ಲಿ ಎದುರೇಟು ಕೊಡುವ ಸಾಧನ ಏನೂ ಇರುವುದಿಲ್ಲ. ಆದ್ದರಿಂದ ಇಂಥ ಪರಿಕರವನ್ನು ವೇದಿಕೆಗೆ ತರುವಾಗ ಬೇಸ್ತು ಬೀಳುವ ಪಾತ್ರವನ್ನು ಜಾದೂಗಾರನೇ ವಹಿಸಿಕೊಳ್ಳಬೇಕು. ಹಾವು ಚಿಮ್ಮಲಿ, ಆದರೆ ಹೆದರಿ ಹಿಂದಕ್ಕೆ ಹಾರುವವರು ನೀವಾಗಿರಿ.

ಮಂತ್ರದಂಡವನ್ನು ನಾನು ಬಳಸುವ ಕ್ರಮವನ್ನು ಹೇಳುತ್ತೇನೆ. ಮೊದಲ ಸಲ ಮಗುವಿನ ಕೈಯಲ್ಲಿ ಅದು ಕಳಚಿಕೊಂಡಾಗ ‘ಅಯ್ಯೋ, ಮುರಿದೇಬಿಟ್ಟೆಯಾ’ ಎಂದು ಎಂದಿಗೂ ಹೇಳುವುದಿಲ್ಲ. ಐದಾರು ವರ್ಷದ ಮಗು ಆ ಮಾತನ್ನು ನಿಜವೆಂದೇ ನಂಬುತ್ತದೆ, ಕಣ್ಣು ತುಂಬಿಕೊಳ್ಳುತ್ತದೆ, ಸಭೆಯ ನಗು ಅಲ್ಲಿಗೆ ನಿಂತುಹೋಗುತ್ತದೆ. ಅದರ ಬದಲು ಕೋಲಿಗೇ ಗದರಿಸುತ್ತೇನೆ: ನೆಟ್ಟಗೆ ನಿಲ್ಲಲು ನಿನಗೇನು ಕಷ್ಟ ಎಂದು. ಎರಡನೆಯ ಸಲ ಮಗುವಿಗೆ ಏನಾಗುವುದೆಂದು ಗೊತ್ತಿರುತ್ತದೆ, ಸಭೆಗೂ ಗೊತ್ತಿರುತ್ತದೆ. ಗೊತ್ತಿದ್ದರೂ ಆಗುವುದರಲ್ಲೇ ಎರಡನೆಯ ನಗು ಇದೆ. ಮೂರನೆಯ ಸಲ ಅದನ್ನು ತಿರುಗಿಸಿಬಿಡುತ್ತೇನೆ. ಈಗ ಕೋಲು ಮಗುವಿನ ಕೈಯಲ್ಲಿ ನೆಟ್ಟಗೆ ನಿಲ್ಲುತ್ತದೆ, ನನ್ನ ಕೈಗೆ ಬಂದೊಡನೆ ಜೋತುಬೀಳುತ್ತದೆ. ಇದಕ್ಕಾಗಿ ಮೇಜಿನ ಹಿಂದೆ ಅದೇ ಬಣ್ಣದ ಗಟ್ಟಿ ಕೋಲೊಂದನ್ನು ಇಟ್ಟುಕೊಂಡು ಸಮಯ ನೋಡಿ ಬದಲಾಯಿಸಬೇಕಾಗುತ್ತದೆ. ಬದಲಾಯಿಸಲು ಅನುಕೂಲವಾದ ಕ್ಷಣ ಯಾವುದೆಂಬುದನ್ನು ಖಾಲಿಪೆಟ್ಟಿಗೆಯವರು ಆಗಲೇ ವಿವರಿಸಿದ್ದಾರೆ. ನಾಲ್ಕನೆಯ ಸಲಕ್ಕೆ ಹೋಗಬೇಡಿ, ಅಲ್ಲಿ ಏನೂ ಉಳಿದಿರುವುದಿಲ್ಲ. ಮಗು ಆ ಗಟ್ಟಿ ಕೋಲಿನಿಂದಲೇ ಪೆಟ್ಟಿಗೆಯನ್ನು ಮುಟ್ಟಲಿ, ಜಾದೂ ಅದರಿಂದಲೇ ನಡೆಯಲಿ, ಚಪ್ಪಾಳೆ ಮಗುವಿನ ಪಾಲಿಗೇ ಹೋಗಲಿ.

ಹೂವು ತಲೆ ಬಗ್ಗಿಸುವ ಪರಿಕರ ಚಿಕ್ಕ ಮಕ್ಕಳ ಮಟ್ಟಿಗೆ ಅತ್ಯುತ್ತಮ. ಜಾದೂಗಾರನಿಗೆ ಕಾಣದ್ದು ತಮಗೆ ಕಾಣುತ್ತಿದೆ ಎಂಬುದು ಅವರಿಗೆ ಬಹಳ ಖುಷಿ ಕೊಡುವ ಸಂಗತಿ. ‘ಹಿಂದೆ ನೋಡಿ, ಹಿಂದೆ ನೋಡಿ’ ಎಂದು ಕೂಗುತ್ತಾರೆ. ಎಂಟು ಹತ್ತು ವರ್ಷದವರಿಗೆ ಇದು ಬೇಗ ಸಪ್ಪೆಯಾಗುತ್ತದೆ. ಅವರಿಗೆ ತಾವು ಗುಟ್ಟು ಕಂಡುಹಿಡಿದೆವು ಎಂಬ ಭ್ರಮೆ ಹುಟ್ಟಿಸಿ ಕೊನೆಗೆ ಅದನ್ನು ಉರುಳಿಸುವ ಐಟಂಗಳು ಹಿಡಿಸುತ್ತವೆ.

ಕಣ್ಣು, ಕಿವಿ, ಚರ್ಮ ಈ ಮೂರರ ಬಗ್ಗೆ ಎಚ್ಚರಿಕೆ ಅಗತ್ಯ. ಸ್ಪ್ರಿಂಗ್ ಹಾವಿನ ಡಬ್ಬಿಯನ್ನು ಯಾರ ಮುಖದ ಕಡೆಗೂ ತಿರುಗಿಸಬಾರದು. ಬಲೂನು ಬಳಸುವುದಾದರೆ ಕೆಲವರಿಗೆ ಲ್ಯಾಟೆಕ್ಸ್ ಅಲರ್ಜಿ ಇರುತ್ತದೆಂಬುದು ನೆನಪಿರಲಿ. ತೆರೆದೊಡನೆ ಬೆಂಕಿ ಕಾರುವ ಪರ್ಸು ಮಕ್ಕಳ ಸಮೀಪಕ್ಕೆ ಬರಲೇಬಾರದು. ಸೀನು ಬರಿಸುವ ಪುಡಿಯಂಥದ್ದನ್ನು ಯಾವ ಪ್ರೇಕ್ಷಕರ ಮೇಲೂ ಬಳಸಬಾರದು, ಅದರಲ್ಲಿ ಚರ್ಚೆಗೆ ಅವಕಾಶವೇ ಇಲ್ಲ.

ಮರಗೆಲಸ

ಪರಿಕರಗಳನ್ನು ತಯಾರಿಸಿ ದುರಸ್ತಿ ಮಾಡುವವನಾಗಿ ಕೆಲವು ಮಾತು.

ಕಳಚುವ ಮಂತ್ರದಂಡದ ದಾರ ತುಂಡುಗಳ ಅಂಚಿಗೆ ಉಜ್ಜಿ ಸವೆಯುತ್ತದೆ. ಅದು ಒಂದು ದಿನ ಪೂರ್ತಿ ಹರಿದು ತುಂಡುಗಳು ವೇದಿಕೆಯ ತುಂಬ ಉರುಳಿದರೆ ಅದನ್ನು ಯಾರೂ ತಮಾಷೆ ಎಂದುಕೊಳ್ಳುವುದಿಲ್ಲ. ಆದ್ದರಿಂದ ದಾರದಲ್ಲಿ ನೂಲು ಬಿಟ್ಟದ್ದು ಕಂಡೊಡನೆ ಬದಲಿಸಿ, ತುಂಡುಗಳ ಒಳ ಅಂಚನ್ನು ಸಣ್ಣ ಮರಳು ಕಾಗದದಿಂದ ನುಣುಪು ಮಾಡಿಡಿ. ಸ್ಪ್ರಿಂಗ್ ಹಾವನ್ನು ಡಬ್ಬಿಯೊಳಗೆ ಅದುಮಿಟ್ಟೇ ತಿಂಗಳುಗಟ್ಟಲೆ ಬಿಟ್ಟರೆ ಸ್ಪ್ರಿಂಗ್ ಬಳಲುತ್ತದೆ. ಪ್ರದರ್ಶನಕ್ಕೆ ಮುನ್ನ ತುಂಬಿ, ಮುಗಿದ ಮೇಲೆ ಹೊರಗಿಡಿ. ಸ್ಪಾಂಜ್ ಚೆಂಡುಗಳಿಗೂ ಇದೇ ಮಾತು ಅನ್ವಯಿಸುತ್ತದೆ.

ಹಿಂದಿನ ಸಾಲಿನವರಿಗೆ ಏನು ಕಾಣುತ್ತದೆ ಎಂಬುದನ್ನು ಬಹಳ ಜನ ಯೋಚಿಸುವುದಿಲ್ಲ. ಕಪ್ಪು ಬಟ್ಟೆ ತೊಟ್ಟ ಜಾದೂಗಾರನ ಎದೆಯ ಮುಂದೆ ಕಪ್ಪು ಕೋಲು ತುಂಡಾದರೆ ಮೂರನೆಯ ಸಾಲಿನಾಚೆ ಅದು ಯಾರಿಗೂ ತಿಳಿಯುವುದಿಲ್ಲ. ತುಂಡುಗಳ ನಡುವಿನ ಸಂದು ದೂರಕ್ಕೂ ಎದ್ದುಕಾಣುವಂತೆ ಬೇರೆ ಬಣ್ಣ ಹಚ್ಚಿ, ಇಲ್ಲವೇ ಕೋಲನ್ನು ತಿಳಿಬಣ್ಣದ ಪರದೆಯ ಮುಂದೆ ಹಿಡಿಯಿರಿ. ಆ ಕೋಲು ಕಳಚುವಾಗ ಆಗುವ ಟಕಟಕ ಸದ್ದೂ ನಗುವಿನ ಒಂದು ಭಾಗ. ಮೈಕ್ ಕಾಲರಿನಲ್ಲಿದ್ದರೆ ಕೋಲನ್ನು ಅದರ ಹತ್ತಿರ ಹಿಡಿದೇ ಕಳಚುವಂತೆ ಮಾಡಿ. ಬೀಸಣಿಗೆಯ ಮಟ್ಟಿಗೆ ಹೇಳುವುದಾದರೆ, ಅದನ್ನು ಬಿಡಿಸುವ ದಿಕ್ಕು ಕೈಗೆ ತಾನಾಗಿ ಬರುವಷ್ಟು ಅಭ್ಯಾಸವಿಲ್ಲದೆ ವೇದಿಕೆಗೆ ತರಬೇಡಿ. ಸರಿಯಾಗಿ ಬಿಡಿಸಬೇಕಾದಾಗ ಮುರಿದು ತೋರಿದರೆ ಮುಂದಿನ ಮಾತೆಲ್ಲ ಕೆಟ್ಟುಹೋಗುತ್ತದೆ.

ಖಾಲಿಪೆಟ್ಟಿಗೆ

ಇಸ್ಪೀಟುರಾಣಿಯವರ ತಕರಾರಿಗೆ ಉತ್ತರಿಸಬೇಕಿದೆ. ಪರಿಕರಗಳು ಅನುಮಾನ ಹುಟ್ಟಿಸುತ್ತವೆ ಎಂಬುದು ಸರಿ. ಆದರೆ ಆ ಅನುಮಾನ ಎಷ್ಟರಮಟ್ಟಿಗೆ ಹಾನಿ ಮಾಡುತ್ತದೆಂಬುದು ಜಾದೂಗಾರನ ಪಾತ್ರವನ್ನು ಅವಲಂಬಿಸಿರುತ್ತದೆ. ಬ್ರಿಟನ್ನಿನ ಟಾಮಿ ಕೂಪರ್ (1921–1984), ಅಮೆರಿಕದ ಕಾರ್ಲ್ ಬ್ಯಾಲಂಟೈನ್ (1917–2009) ಇಬ್ಬರೂ ಏನು ಮಾಡಹೋದರೂ ಕೈಗೂಡದ ಜಾದೂಗಾರನ ಪಾತ್ರವನ್ನೇ ಜೀವನವಿಡೀ ನಿರ್ವಹಿಸಿದವರು. ಕೂಪರ್ ತಲೆಯ ಮೇಲಿನ ಕೆಂಪು ಫೆಜ್ ಟೋಪಿಯಿಂದಲೇ ಪ್ರಸಿದ್ಧರಾಗಿದ್ದರು. ಅವರ ಮೇಜಿನ ತುಂಬ ಇದ್ದದ್ದು ಇಂಥ ಸಾಮಾನುಗಳೇ, ಅವುಗಳಲ್ಲಿ ಬಹುಪಾಲು ಕೈಕೊಡುತ್ತಿದ್ದವು. ಆದರೆ ಕೂಪರ್ ಜಾದೂ ಬಲ್ಲವರು. ಸೋಲುಗಳ ನಡುವೆ ಎಲ್ಲೋ ಒಂದನ್ನು ಅಚ್ಚುಕಟ್ಟಾಗಿ ಮಾಡಿ ಮುಗಿಸುತ್ತಿದ್ದರು, ಮತ್ತು ಯಾರೂ ನಿರೀಕ್ಷಿಸದ ಕಾರಣ ಅದು ಇಮ್ಮಡಿ ಬೆರಗು ಹುಟ್ಟಿಸುತ್ತಿತ್ತು. ಬರಿಗೈ ಅವರೇ, ನಿಮ್ಮ ವೇದಿಕೆಯ ಪಾತ್ರ ಗಂಭೀರ ಮಾಂತ್ರಿಕನದೋ, ಸಾಮಾನುಗಳ ಕೈಯಲ್ಲಿ ಸಿಕ್ಕಿಬಿದ್ದ ಪಾಪದ ಮನುಷ್ಯನದೋ ಎಂಬುದನ್ನು ನೀವು ಬರೆದಿಲ್ಲ. ಮೊದಲನೆಯದಾದರೆ ಇಸ್ಪೀಟುರಾಣಿಯವರ ಮಾತೇ ಸರಿ, ಅರ್ಧಕ್ಕರ್ಧ ಪರಿಕರಗಳನ್ನು ಮನೆಯಲ್ಲೇ ಬಿಡಿ.

ಕೂಪರ್ ಅವರ ಕೊನೆಯ ಪ್ರದರ್ಶನ ಇನ್ನೊಂದು ವಿಷಯವನ್ನೂ ನೆನಪಿಸುತ್ತದೆ. 1984ರ ಏಪ್ರಿಲ್ 15ರಂದು ಲಂಡನ್ನಿನ ಹರ್ ಮೆಜೆಸ್ಟೀಸ್ ಥಿಯೇಟರಿನಿಂದ ದೂರದರ್ಶನದಲ್ಲಿ ನೇರ ಪ್ರಸಾರವಾಗುತ್ತಿದ್ದ ಕಾರ್ಯಕ್ರಮದಲ್ಲಿ ಅವರು ಹೃದಯಾಘಾತದಿಂದ ಕುಸಿದಾಗ, ಅದೂ ಒಂದು ತಮಾಷೆ ಎಂದುಕೊಂಡು ಪ್ರೇಕ್ಷಕರು ನಗುತ್ತಲೇ ಇದ್ದರು. ಎಡವುವುದು, ಬೀಳುವುದು, ಹೆದರುವುದನ್ನೆಲ್ಲ ನಟಿಸುವ ಪ್ರದರ್ಶನದಲ್ಲಿ ನಿಜವಾದ ಅವಘಡ ಯಾರಿಗೂ ಗೊತ್ತಾಗದಿರಬಹುದು. ಆದ್ದರಿಂದ ಪರದೆಯ ಹಿಂದಿರುವ ಸಹಾಯಕರ ಜೊತೆ ಒಂದು ಸಂಕೇತ ಪದವನ್ನು ಮೊದಲೇ ಮಾತಾಡಿಕೊಂಡಿರಿ. ಆ ಪದವನ್ನು ಪ್ರದರ್ಶನದ ಮಾತಿನಲ್ಲಿ ಬೇರೆಲ್ಲೂ ಬಳಸಬೇಡಿ.

ಬರಿಗೈ

ಎಲ್ಲರಿಗೂ ಕೃತಜ್ಞತೆಗಳು. ನನ್ನ ಪಾತ್ರ ಗಂಭೀರ ಮಾಂತ್ರಿಕನದಲ್ಲ. ತನ್ನ ಸಾಮಾನುಗಳ ಮೇಲೆ ಹಿಡಿತವಿದೆ ಎಂದು ನಂಬಿಕೊಂಡಿರುವ, ಆದರೆ ಅಷ್ಟೇನೂ ಹಿಡಿತವಿಲ್ಲದ ಸಭ್ಯ ವ್ಯಕ್ತಿಯೊಬ್ಬನದು. ನಿಮ್ಮ ಮಾತುಗಳನ್ನು ಓದಿದ ಮೇಲೆ ಕ್ರಮವನ್ನು ಹೀಗೆ ಬದಲಿಸಿದ್ದೇನೆ. ಆರಂಭದಲ್ಲಿ ಯಾವ ಮಾತೂ ಇಲ್ಲದೆ ಉಂಗುರಗಳು. ಆಮೇಲೆ ಹಾವಿನ ಡಬ್ಬಿ, ಹೆದರುವುದು ನಾನೇ. ಮೂರು ಹಂತಗಳ ಮಂತ್ರದಂಡ ನಡುವಿನಲ್ಲಿ. ತಲೆಬಾಗುವ ಹೂವು ಅಲ್ಲಲ್ಲಿ ಮರುಕಳಿಸುತ್ತದೆ. ಕೊನೆಗೆ ಪ್ರೇಕ್ಷಕರೊಬ್ಬರಿಂದ ಪಡೆದ ಉಂಗುರದ ಐಟಂ. ಬೀಸಣಿಗೆಯನ್ನು ಕೈಬಿಟ್ಟಿದ್ದೇನೆ, ಏಕೆಂದರೆ ಮಂತ್ರದಂಡ ಮಾಡುವ ಕೆಲಸವನ್ನೇ ಅದೂ ಮಾಡುತ್ತದೆ. ಬಾಗಿಲೆತ್ತರದ ಇಸ್ಪೀಟು ಎಲೆಯನ್ನು ಏನು ಮಾಡಬೇಕೆಂಬುದು ಮಾತ್ರ ಇನ್ನೂ ತೋಚಿಲ್ಲ.

ಇಸ್ಪೀಟುರಾಣಿ

ಉಂಗುರಗಳು ಮೊದಲಿಗೆ ಬಂದದ್ದು ಸಂತೋಷ. ಹಾವಿನ ಡಬ್ಬಿಗೆ ಮುನ್ನ ಸ್ವಲ್ಪ ಮಾತಿರಲಿ. ಇಲ್ಲದಿದ್ದರೆ ಖಾಲಿಪೆಟ್ಟಿಗೆಯವರು ಹೇಳಿದ ಮೌನವನ್ನು ನೀವೇ ಕೆಡಿಸಿದಂತಾಗುತ್ತದೆ.

ದೊಡ್ಡ ಎಲೆಯ ಬಗ್ಗೆ ಒಂದು ಉಪಾಯವಿದೆ. ಪ್ರೇಕ್ಷಕರೊಬ್ಬರು ಎಲೆಯೊಂದನ್ನು ಆರಿಸಿಕೊಳ್ಳುತ್ತಾರೆ, ನೀವು ಜೇಬಿನಿಂದ ತಪ್ಪು ಎಲೆ ತೆಗೆಯುತ್ತೀರಿ, ಮತ್ತೆ ತಪ್ಪು ಎಲೆ ತೆಗೆಯುತ್ತೀರಿ, ಸೋತು ಮೇಜಿನ ಕಡೆ ತಿರುಗುತ್ತೀರಿ. ಆಗ ನಿಮ್ಮ ಬೆನ್ನ ಹಿಂದಿನ ಪರದೆ ಸರಿದು, ಅವರು ಆರಿಸಿದ ಎಲೆ ಆಳೆತ್ತರಕ್ಕೆ ನಿಂತಿರುವುದು ಕಾಣುತ್ತದೆ. ನಿಮಗೆ ಅದು ಕಾಣುವುದಿಲ್ಲ. ಮೊಲದಕಿವಿಯವರ ಮಕ್ಕಳು ಹಿಂದೆ ನೋಡಿ ಎಂದು ಕೂಗಲಿ. ದೊಡ್ಡವರು ಆ ಎಲೆ ಮೊದಲೇ ಅಲ್ಲಿಗೆ ಹೇಗೆ ಬಂತೆಂದು ತಲೆ ಕೆರೆದುಕೊಳ್ಳಲಿ. ಇದಕ್ಕೆ ನಿಮಗೆ ಬೇಕಾದ ಎಲೆಯನ್ನೇ ಅವರು ಆರಿಸುವಂತೆ ಮಾಡುವ ಕೈಚಳಕ ಗಟ್ಟಿಯಾಗಿರಬೇಕು. ಅದನ್ನು ಕಲಿಯಬೇಕಿದ್ದರೆ ಪ್ರತ್ಯೇಕವಾಗಿ ಸಂದೇಶ ಕಳಿಸಿ, ಇಲ್ಲಿ ಬರೆಯಲಾರೆ.

ಮರಗೆಲಸ

ಪರದೆ ಸರಿಯುವಾಗ ಎದ್ದ ಗಾಳಿಗೆ ಅಷ್ಟೆತ್ತರದ ಹಲಗೆ ಮುಗ್ಗರಿಸಿ ಬೀಳುವ ಸಂಭವವಿದೆ. ಕೆಳಗೆ ಅಡ್ಡಪಟ್ಟಿ ಜೋಡಿಸಿ, ಅದರ ಮೇಲೆ ಮರಳಿನ ಚೀಲ ಇಡಿ. ಮಡಚಿ ಸಾಗಿಸಲು ಅನುಕೂಲವಾಗುವಂತೆ ನಡುವೆ ಕೀಲು ಹಾಕಿಸುವುದಾದರೆ, ಕೀಲು ಎಲೆಯ ಹಿಂಬದಿಗೆ ಇರಲಿ, ಮುಂಬದಿಯ ಸಂದಿನ ಮೇಲೆ ಚಿತ್ರದ ಗೆರೆಯೊಂದು ಹಾದುಹೋಗುವಂತೆ ನೋಡಿಕೊಳ್ಳಿ.